ಅಮೆರಿಕ ಸಂಯುಕ್ತ ಸಂಸ್ಥಾನದ ಫೆಡರಲ್ ವ್ಯಾಸಂಗ-ಉದ್ಯೋಗ ಯೋಜನೆ: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದ ಕಾಲೇಜು ಹಾಗೂ ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ ಮಾಡುತ್ತಿರುವ, ಆರ್ಥಿಕ ನೆರವಿನ ಅಗತ್ಯವಿರುವ ವಿದ್ಯಾರ್ಥಿಗಳಿಗೆ ಅರೆಕಾಲಿಕ ಉದ್ಯೋಗವನ್ನು ಒದಗಿಸುವ ಸಲುವಾಗಿ ಅಲ್ಲಿನ ಕೇಂದ್ರ ಸರ್ಕಾರವು ‘ಫೆಡರಲ್ ವರ್ಕ್-ಸ್ಟಡಿ’ ಎಂಬ ಯೋಜನೆಯನ್ನು ಜಾರಿಯಲ್ಲಿಟ್ಟಿದೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳು ಮತ್ತು ಕರ್ನಾಟಕದಿಂದ ಉನ್ನತ ವ್ಯಾಸಂಗಕ್ಕಾಗಿ ಅಲ್ಲಿಗೆ ತೆರಳುವ ವಿದ್ಯಾರ್ಥಿಗಳು ಈ ಯೋಜನೆಯ ಬಗ್ಗೆ ವಿಚಾರಿಸುವುದುಂಟು. ಇವರಲ್ಲಿ ಯಾರು ಅರ್ಹರು, ಯಾರು ಅರ್ಹರಲ್ಲ, ಅರ್ಜಿ ಸಲ್ಲಿಸುವ ಕ್ರಮವೇನು, ಮಂಜೂರಾದ ಮೊತ್ತವು ಯಾವ ರೀತಿಯಲ್ಲಿ ಕೈಸೇರುತ್ತದೆ ಎಂಬ ವಿವರಗಳನ್ನು ಈ ಪುಟದಲ್ಲಿ ನೀಡಲಾಗಿದೆ.

ಅರ್ಹತೆಯ ಬಗೆಗಿನ ತಪ್ಪು ತಿಳಿವಳಿಕೆಯಿಂದ ವಿದ್ಯಾರ್ಥಿಯ ವೀಸಾ ಸ್ಥಾನಮಾನಕ್ಕೇ ಧಕ್ಕೆ ಉಂಟಾಗುವ ಸಂಭವವಿರುವುದರಿಂದ, ಅರ್ಜಿದಾರರು ಮತ್ತು ಪೋಷಕರು 4 ಹಾಗೂ 9ನೆಯ ಭಾಗಗಳನ್ನು ಗಮನವಿಟ್ಟು ಓದಬೇಕಾಗಿ ಕೋರಲಾಗಿದೆ.

2. ಯೋಜನೆಯ ಹಿನ್ನೆಲೆ

ವಿದ್ಯಾರ್ಥಿಗಳಿಗೆ ಸರ್ಕಾರದ ವೆಚ್ಚದಲ್ಲಿ ಕೆಲಸ ನೀಡುವ ಪದ್ಧತಿಯು ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಆರಂಭವಾಯಿತು. 1935ರಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ಯುವಜನ ಆಡಳಿತ ಸಂಸ್ಥೆಯು ಶಾಲಾ-ಕಾಲೇಜು ವಿದ್ಯಾರ್ಥಿಗಳು ಓದನ್ನು ಅರ್ಧಕ್ಕೆ ನಿಲ್ಲಿಸದಂತೆ ಅವರಿಗೆ ಅರೆಕಾಲಿಕ ಕೆಲಸ ಕೊಟ್ಟಿತು. ಈ ಸಂಸ್ಥೆಯ ಟೆಕ್ಸಸ್ ರಾಜ್ಯದ ನಿರ್ದೇಶಕರಾಗಿದ್ದ ಲಿಂಡನ್ ಜಾನ್ಸನ್ ಅವರು ಮುಂದೆ ರಾಷ್ಟ್ರಾಧ್ಯಕ್ಷರಾದರು. ಅವರು 1964ರ ಆಗಸ್ಟ್ 20ರಂದು ಸಹಿ ಮಾಡಿದ ಆರ್ಥಿಕ ಅವಕಾಶ ಕಾಯಿದೆಯ ಮೂಲಕ ‘ಕಾಲೇಜ್ ವರ್ಕ್-ಸ್ಟಡಿ’ ಯೋಜನೆಯು ಅಸ್ತಿತ್ವಕ್ಕೆ ಬಂದಿತು. ತರುವಾಯ ಇದನ್ನು 1965ರ ಉನ್ನತ ಶಿಕ್ಷಣ ಕಾಯಿದೆಯ ವ್ಯಾಪ್ತಿಗೆ ತರಲಾಯಿತು. 1992ರ ತಿದ್ದುಪಡಿಯಲ್ಲಿ ಈಗಿನ ಹೆಸರನ್ನು ಇಡಲಾಯಿತು.

ಮೂರು ಸಾವಿರಕ್ಕೂ ಹೆಚ್ಚು ಉನ್ನತ ಶಿಕ್ಷಣ ಸಂಸ್ಥೆಗಳು ಯೋಜನೆಯಲ್ಲಿ ಪಾಲ್ಗೊಂಡಿವೆ. 2023 ಮತ್ತು 2024ರ ಆರ್ಥಿಕ ವರ್ಷಗಳಲ್ಲಿ ಯೋಜನೆಗೆ ತಲಾ 123 ಕೋಟಿ ಡಾಲರ್ ಅನುದಾನ ಒದಗಿಸಲಾಗಿತ್ತು.

3. ಯೋಜನೆಯ ಸ್ವರೂಪ

ಕೇಂದ್ರ ಸರ್ಕಾರವು ಅನುದಾನವನ್ನು ನೇರವಾಗಿ ವಿದ್ಯಾರ್ಥಿಗೆ ನೀಡದೆ ಶಿಕ್ಷಣ ಸಂಸ್ಥೆಗೆ ಬಿಡುಗಡೆ ಮಾಡುತ್ತದೆ. ಸಂಸ್ಥೆಯ ಹಣಕಾಸು ನೆರವು ಕಚೇರಿಯು ಅರ್ಹ ವಿದ್ಯಾರ್ಥಿಗಳನ್ನು ಗುರುತಿಸಿ ಪ್ರತಿಯೊಬ್ಬರಿಗೂ ಒಂದು ಗರಿಷ್ಠ ಮೊತ್ತವನ್ನು ನಿಗದಿಪಡಿಸುತ್ತದೆ. ವಿದ್ಯಾರ್ಥಿಯು ಕೆಲಸ ಮಾಡಿದ ಗಂಟೆಗಳಿಗೆ ಅನುಗುಣವಾಗಿ ವೇತನ ಪಡೆಯುತ್ತಾನೆ ಅಥವಾ ಪಡೆಯುತ್ತಾಳೆ.

ವೇತನದ ವೆಚ್ಚವನ್ನು ಸಾಮಾನ್ಯವಾಗಿ ಈ ಕೆಳಕಂಡಂತೆ ಹಂಚಿಕೊಳ್ಳಲಾಗುತ್ತದೆ:

(ಅ) ಸಾಮಾನ್ಯ ಉದ್ಯೋಗಗಳಲ್ಲಿ ಕೇಂದ್ರ ಸರ್ಕಾರದ ಪಾಲು ಗರಿಷ್ಠ ಶೇಕಡ 75. ಉಳಿದದ್ದನ್ನು ಶಿಕ್ಷಣ ಸಂಸ್ಥೆ ಅಥವಾ ಉದ್ಯೋಗದಾತರು ಭರಿಸತಕ್ಕದ್ದು.
(ಆ) ಲಾಭೋದ್ದೇಶದ ಖಾಸಗಿ ಉದ್ಯೋಗದಾತರಲ್ಲಿ ಕೇಂದ್ರ ಸರ್ಕಾರದ ಪಾಲು ಗರಿಷ್ಠ ಶೇಕಡ 50. ಇಂತಹ ಉದ್ಯೋಗವು ಸಾಧ್ಯವಾದಷ್ಟೂ ವಿದ್ಯಾರ್ಥಿಯ ವ್ಯಾಸಂಗಕ್ಕೆ ಸಂಬಂಧಪಟ್ಟಿರಬೇಕು.
(ಇ) ಚಿಕ್ಕ ಮಕ್ಕಳಿಗೆ ಓದು ಅಥವಾ ಗಣಿತ ಕಲಿಸುವ ಕೆಲಸಗಳಲ್ಲಿ ಹಾಗೂ ಕುಟುಂಬ ಸಾಕ್ಷರತಾ ಕಾರ್ಯದಲ್ಲಿ ಪೂರ್ಣ ವೇತನವನ್ನು ಕೇಂದ್ರ ಸರ್ಕಾರದ ಅನುದಾನದಿಂದಲೇ ನೀಡಲು ಅವಕಾಶವಿದೆ.

ಪ್ರತಿಯೊಂದು ಸಂಸ್ಥೆಯೂ ತನ್ನ ಅನುದಾನದ ಕನಿಷ್ಠ ಶೇಕಡ 7ರಷ್ಟನ್ನು ಸಮುದಾಯ ಸೇವೆಯ ಉದ್ಯೋಗಗಳಿಗೆ ಬಳಸಬೇಕೆಂಬ ನಿಯಮವಿದೆ.

ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವುದು, ಪ್ರಯೋಗಾಲಯದಲ್ಲಿ ಸಹಾಯಕರಾಗಿರುವುದು, ಕಚೇರಿ ಕೆಲಸ, ಕಂಪ್ಯೂಟರ್ ಕೊಠಡಿಯ ಮೇಲ್ವಿಚಾರಣೆ, ಭೋಜನಶಾಲೆಯ ಕೆಲಸ, ಕಿರಿಯ ವಿದ್ಯಾರ್ಥಿಗಳಿಗೆ ಪಾಠ ಹೇಳಿಕೊಡುವುದು ಇವು ಸಾಮಾನ್ಯವಾಗಿ ದೊರೆಯುವ ಉದ್ಯೋಗಗಳು. ಈಗಾಗಲೇ ಇರುವ ನೌಕರರನ್ನು ತೆಗೆದುಹಾಕಿ ಆ ಜಾಗಕ್ಕೆ ವಿದ್ಯಾರ್ಥಿಗಳನ್ನು ನೇಮಿಸುವಂತಿಲ್ಲ. ರಾಜಕೀಯ ಪಕ್ಷದ ಅಥವಾ ಅಭ್ಯರ್ಥಿಯ ಪ್ರಚಾರದ ಕೆಲಸಕ್ಕೆ ಯೋಜನೆಯ ಹಣವನ್ನು ಬಳಸುವಂತಿಲ್ಲ.

4. ಅರ್ಹತೆ

ಅರ್ಜಿದಾರರು ಈ ಕೆಳಕಂಡ ಷರತ್ತುಗಳನ್ನು ಪೂರೈಸಿರಬೇಕು:

(ಅ) ಅಮೆರಿಕದ ಪ್ರಜೆಯಾಗಿರಬೇಕು. ಅಥವಾ ಹಸಿರು ಕಾರ್ಡ್ ಪಡೆದ ಖಾಯಂ ನಿವಾಸಿಯಾಗಿರಬೇಕು. ಅಥವಾ ನಿರಾಶ್ರಿತರು, ಆಶ್ರಯ ಪಡೆದವರು ಮುಂತಾದ, ಕಾನೂನಿನಲ್ಲಿ ಹೆಸರಿಸಲಾದ ವರ್ಗಕ್ಕೆ ಸೇರಿರಬೇಕು.
(ಆ) ಯೋಜನೆಯಲ್ಲಿ ಪಾಲ್ಗೊಂಡಿರುವ ಸಂಸ್ಥೆಯಲ್ಲಿ, ಪದವಿ ಅಥವಾ ಪ್ರಮಾಣಪತ್ರ ನೀಡುವ ಅರ್ಹ ವ್ಯಾಸಂಗಕ್ರಮಕ್ಕೆ ದಾಖಲಾಗಿರಬೇಕು. ಪದವಿ, ಸ್ನಾತಕೋತ್ತರ ಹಾಗೂ ವೃತ್ತಿ ಶಿಕ್ಷಣದ ವಿದ್ಯಾರ್ಥಿಗಳೆಲ್ಲರೂ ಅರ್ಹರು. ಅರೆಕಾಲಿಕ ವಿದ್ಯಾರ್ಥಿಗಳಿಗೂ ಅವಕಾಶವಿದೆ.
(ಇ) ಆರ್ಥಿಕ ಅಗತ್ಯವನ್ನು ನಿಗದಿತ ಅರ್ಜಿಯ ಮೂಲಕ ಸಿದ್ಧಪಡಿಸಿರಬೇಕು.
(ಈ) ವ್ಯಾಸಂಗದಲ್ಲಿ ತೃಪ್ತಿಕರ ಪ್ರಗತಿ ಕಾಯ್ದುಕೊಂಡಿರಬೇಕು.

ಕನ್ನಡ ಕುಟುಂಬಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಸಂದರ್ಭಗಳು ಹೀಗಿವೆ:

ಅಮೆರಿಕದಲ್ಲಿ ಹುಟ್ಟಿದ ಮಕ್ಕಳು: ತಂದೆ ತಾಯಿಯರು ಎಚ್-1ಬಿ ವೀಸಾದಲ್ಲಿದ್ದರೂ, ಅಲ್ಲಿಯೇ ಹುಟ್ಟಿ ಪೌರತ್ವ ಹೊಂದಿರುವ ಮಗ ಅಥವಾ ಮಗಳು ಅರ್ಜಿ ಸಲ್ಲಿಸಲು ಅರ್ಹರು. ತಂದೆ ತಾಯಿಯರ ವಲಸೆ ಸ್ಥಾನಮಾನವು ಇದಕ್ಕೆ ಅಡ್ಡಿಯಾಗುವುದಿಲ್ಲ.

ಎಚ್-4 ವೀಸಾದಲ್ಲಿರುವ ಮಕ್ಕಳು: ಚಿಕ್ಕಂದಿನಲ್ಲಿಯೇ ಅಮೆರಿಕಕ್ಕೆ ಬಂದು ಅಲ್ಲಿನ ಶಾಲೆಗಳಲ್ಲಿಯೇ ಓದಿದ್ದರೂ ಎಚ್-4 ಸ್ಥಾನಮಾನದಲ್ಲಿರುವ ಮಕ್ಕಳು ಈ ಯೋಜನೆಗೆ ಅರ್ಹರಲ್ಲ. ಅಷ್ಟೇ ಅಲ್ಲದೆ, ಈ ಸ್ಥಾನಮಾನದಲ್ಲಿರುವ ಮಕ್ಕಳು ಕಾಲೇಜಿನ ಆವರಣದಲ್ಲಿಯೂ ಯಾವುದೇ ವೇತನದ ಕೆಲಸ ಮಾಡುವಂತಿಲ್ಲ. 21 ವರ್ಷ ತುಂಬಿದಾಗ ಎಚ್-4 ಸ್ಥಾನಮಾನವು ಕೊನೆಗೊಳ್ಳುವುದರಿಂದ, ಎಫ್-1 ಸ್ಥಾನಮಾನಕ್ಕೆ ಬದಲಾಯಿಸಿಕೊಳ್ಳುವ ವಿಚಾರವನ್ನು ಬಹಳ ಮುಂಚಿತವಾಗಿ ಅರ್ಹ ವಲಸೆ ವಕೀಲರೊಡನೆ ಚರ್ಚಿಸುವುದು ಸೂಕ್ತ.

ಹಸಿರು ಕಾರ್ಡ್‌ಗೆ ಅರ್ಜಿ ಸಲ್ಲಿಸಿ ಕಾಯುತ್ತಿರುವವರು: ಅರ್ಜಿ ಬಾಕಿಯಿರುವಾಗ ಉದ್ಯೋಗ ಅನುಮತಿ ಕಾರ್ಡ್ ದೊರೆತಿದ್ದಲ್ಲಿ ಸಾಮಾನ್ಯ ಉದ್ಯೋಗ ಮಾಡಬಹುದು. ಆದರೆ ಕಾರ್ಡ್ ಇದ್ದ ಮಾತ್ರಕ್ಕೆ ಈ ಯೋಜನೆಯ ಅರ್ಹತೆ ದೊರೆಯುವುದಿಲ್ಲ.

ಎಫ್-1 ವೀಸಾದಲ್ಲಿ ಭಾರತದಿಂದ ತೆರಳುವವರು: ಈ ಯೋಜನೆಗೆ ಅರ್ಹರಲ್ಲ. ಇವರಿಗೆ ಲಭ್ಯವಿರುವ ಬೇರೆ ಅವಕಾಶಗಳನ್ನು 9ನೆಯ ಭಾಗದಲ್ಲಿ ತಿಳಿಸಲಾಗಿದೆ.

ಎಚ್ಚರಿಕೆ: ಪ್ರಜೆಯಲ್ಲದವರು ಅರ್ಜಿಯಲ್ಲಿ ಅಥವಾ ಉದ್ಯೋಗಕ್ಕೆ ಸಂಬಂಧಿಸಿದ ಐ-9 ನಮೂನೆಯಲ್ಲಿ ತಾವು ಅಮೆರಿಕದ ಪ್ರಜೆಯೆಂದು ಸುಳ್ಳಾಗಿ ನಮೂದಿಸುವುದು ಅತ್ಯಂತ ಗಂಭೀರ ವಿಷಯ. ಇಂತಹ ಸುಳ್ಳು ಹೇಳಿಕೆಯು ಮುಂದೆ ವೀಸಾ ಹಾಗೂ ಹಸಿರು ಕಾರ್ಡ್ ಪಡೆಯುವುದಕ್ಕೆ ಶಾಶ್ವತ ಅಡ್ಡಿಯಾಗಬಹುದು. ನಮೂನೆಯನ್ನು ಬೇರೆಯವರಿಂದ ಭರ್ತಿ ಮಾಡಿಸಿದರೂ ಸಹಿ ಮಾಡುವ ಮುನ್ನ ಪೌರತ್ವದ ಕಲಮನ್ನು ಅರ್ಜಿದಾರರು ಸ್ವತಃ ಪರಿಶೀಲಿಸತಕ್ಕದ್ದು.

5. ಅರ್ಜಿ ಸಲ್ಲಿಸುವ ವಿಧಾನ

ಈ ಯೋಜನೆಗೆ ಪ್ರತ್ಯೇಕ ಅರ್ಜಿ ನಮೂನೆ ಇರುವುದಿಲ್ಲ. ಕೇಂದ್ರ ಸರ್ಕಾರದ ಎಲ್ಲ ವಿದ್ಯಾರ್ಥಿ ನೆರವಿಗೂ ಸಾಮಾನ್ಯವಾದ ‘ಫಾಫ್ಸಾ’ ಎಂಬ ಅರ್ಜಿಯನ್ನು ಪ್ರತಿ ವರ್ಷವೂ ಹೊಸದಾಗಿ ಸಲ್ಲಿಸಬೇಕು. ಅರ್ಜಿಗೆ ಯಾವುದೇ ಶುಲ್ಕವಿಲ್ಲ. ಶುಲ್ಕ ಕೇಳುವ ಜಾಲತಾಣ ಅಥವಾ ಮಧ್ಯವರ್ತಿಗಳಿಂದ ದೂರವಿರುವುದು ಕ್ಷೇಮಕರ.

ಹಂತ 1: ವಿದ್ಯಾರ್ಥಿ ಹಾಗೂ ಅವಲಂಬಿತ ವಿದ್ಯಾರ್ಥಿಯ ತಂದೆ ಅಥವಾ ತಾಯಿ ‘ಸ್ಟೂಡೆಂಟ್ ಏಡ್’ ಸರ್ಕಾರಿ ಜಾಲತಾಣದಲ್ಲಿ ಪ್ರತ್ಯೇಕ ಖಾತೆ ತೆರೆಯಬೇಕು. ಸಾಮಾಜಿಕ ಭದ್ರತಾ ಸಂಖ್ಯೆ ಇಲ್ಲದ ಪೋಷಕರೂ ಖಾತೆ ತೆರೆಯಲು ಅವಕಾಶವಿದೆ.

ಹಂತ 2: ಸಾಮಾನ್ಯವಾಗಿ ಅಕ್ಟೋಬರ್ 1ರಿಂದ ಮುಂದಿನ ಶೈಕ್ಷಣಿಕ ವರ್ಷದ ಅರ್ಜಿ ಲಭ್ಯವಿರುತ್ತದೆ. ಆದಾಯ ತೆರಿಗೆ ವಿವರಗಳನ್ನು ತೆರಿಗೆ ಇಲಾಖೆಯಿಂದ ನೇರವಾಗಿ ಪಡೆಯಲು ವಿದ್ಯಾರ್ಥಿ ಮತ್ತು ಪೋಷಕರು ಒಪ್ಪಿಗೆ ನೀಡಬೇಕು. ಒಪ್ಪಿಗೆ ನೀಡದಿದ್ದಲ್ಲಿ ಕೇಂದ್ರ ಸರ್ಕಾರದ ನೆರವಿಗೆ ಅರ್ಹತೆ ದೊರೆಯುವುದಿಲ್ಲ.

ಹಂತ 3: ವಿದ್ಯಾರ್ಥಿಯು ಸೇರಬಯಸುವ ಎಲ್ಲ ಕಾಲೇಜುಗಳ ಹೆಸರನ್ನು ಅರ್ಜಿಯಲ್ಲಿ ನಮೂದಿಸಬೇಕು.

ಹಂತ 4: ಕಾಲೇಜಿನಿಂದ ಬರುವ ನೆರವಿನ ಪತ್ರದಲ್ಲಿ ವ್ಯಾಸಂಗ-ಉದ್ಯೋಗದ ಮೊತ್ತವನ್ನು ತೋರಿಸಲಾಗಿದೆಯೇ ಎಂದು ನೋಡಿ, ಅದನ್ನು ಅಂಗೀಕರಿಸಬೇಕು. ಮೊತ್ತ ತೋರಿಸಿಲ್ಲದಿದ್ದಲ್ಲಿ ಹಣಕಾಸು ನೆರವು ಕಚೇರಿಗೆ ಬರೆದು, ತಮ್ಮ ಹೆಸರನ್ನು ಪರಿಗಣಿಸುವಂತೆ ಕೋರಬಹುದು.

ಹಂತ 5: ಮೊತ್ತ ಮಂಜೂರಾದ ಮೇಲೆ ಕಾಲೇಜಿನ ಉದ್ಯೋಗ ಪಟ್ಟಿಯನ್ನು ನೋಡಿ ಕೆಲಸಕ್ಕೆ ಅರ್ಜಿ ಹಾಕಬೇಕು. ಅನೇಕ ಕಾಲೇಜುಗಳಲ್ಲಿ ಕೆಲಸ ಹುಡುಕಿಕೊಳ್ಳುವ ಹೊಣೆ ವಿದ್ಯಾರ್ಥಿಯದೇ ಆಗಿರುತ್ತದೆ.

ಸಂಸ್ಥೆಯ ಅನುದಾನವು ಸೀಮಿತವಾಗಿದ್ದು, ಅರ್ಹರೆಲ್ಲರಿಗೂ ಸಾಲುವುದಿಲ್ಲ. ಫಾಫ್ಸಾ ಅರ್ಜಿಗೆ ಕೇಂದ್ರ ಸರ್ಕಾರದ ಕೊನೆಯ ದಿನಾಂಕವು ಶೈಕ್ಷಣಿಕ ವರ್ಷ ಮುಗಿಯುವ ಜೂನ್ 30 ಆಗಿದ್ದರೂ, ಕಾಲೇಜುಗಳ ಆದ್ಯತಾ ದಿನಾಂಕವು ಅದಕ್ಕಿಂತ ಹಲವು ತಿಂಗಳು ಮೊದಲೇ ಇರುತ್ತದೆ. ಆದ್ದರಿಂದ ಕಾಲೇಜಿನ ದಿನಾಂಕವನ್ನೇ ಕೊನೆಯ ದಿನಾಂಕವೆಂದು ಭಾವಿಸಿ ಅರ್ಜಿ ಸಲ್ಲಿಸಬೇಕು.

6. ಅಗತ್ಯ ದಾಖಲೆಗಳು ಮತ್ತು ಆಸ್ತಿ ವಿವರ

(ಅ) ವಿದ್ಯಾರ್ಥಿಯ ಸಾಮಾಜಿಕ ಭದ್ರತಾ ಸಂಖ್ಯೆ. ಖಾಯಂ ನಿವಾಸಿಯಾಗಿದ್ದಲ್ಲಿ ವಲಸೆ ನೋಂದಣಿ ಸಂಖ್ಯೆ.
(ಆ) ವಿದ್ಯಾರ್ಥಿ ಹಾಗೂ ಪೋಷಕರ ಆದಾಯ ತೆರಿಗೆ ವಿವರ. ಅರ್ಜಿಯ ಶೈಕ್ಷಣಿಕ ವರ್ಷ ಆರಂಭವಾಗುವುದಕ್ಕೆ ಎರಡು ವರ್ಷ ಹಿಂದಿನ ಆದಾಯವನ್ನು ಪರಿಗಣಿಸಲಾಗುತ್ತದೆ. ಉದಾಹರಣೆಗೆ, 2026-27ನೆಯ ಸಾಲಿಗೆ 2024ರ ಆದಾಯ.
(ಇ) ಬ್ಯಾಂಕ್ ಖಾತೆಗಳಲ್ಲಿನ ಶಿಲ್ಕು ಮತ್ತು ಹೂಡಿಕೆಗಳ ವಿವರ.

ವಾಸದ ಮನೆಯನ್ನು ಆಸ್ತಿಯೆಂದು ತೋರಿಸಬೇಕಾಗಿಲ್ಲ. ಆದರೆ ಪೋಷಕರು ಊರಿನಲ್ಲಿ ತಮ್ಮ ಹೆಸರಿನಲ್ಲಿ ನಿವೇಶನ, ಬಾಡಿಗೆಗೆ ಕೊಟ್ಟ ಮನೆ ಇತ್ಯಾದಿ ಸ್ಥಿರಾಸ್ತಿಯನ್ನು ಹೊಂದಿದ್ದಲ್ಲಿ, ಅದು ಭಾರತದಲ್ಲಿದೆ ಎಂಬ ಕಾರಣಕ್ಕೆ ಬಿಟ್ಟುಬಿಡುವಂತಿಲ್ಲ. ಅದರ ಮೇಲಿನ ಸಾಲವನ್ನು ಕಳೆದು ಉಳಿಯುವ ಮೌಲ್ಯವನ್ನು ಡಾಲರ್‌ಗೆ ಪರಿವರ್ತಿಸಿ ತೋರಿಸಬೇಕು. ಅಣ್ಣತಮ್ಮಂದಿರೊಡನೆ ಜಂಟಿಯಾಗಿರುವ ಆಸ್ತಿಯಲ್ಲಿ ತಮ್ಮ ಪಾಲನ್ನು ಮಾತ್ರ ತೋರಿಸಿದರೆ ಸಾಕು. ಅಜ್ಜ ಅಥವಾ ಅಜ್ಜಿಯ ಹೆಸರಿನಲ್ಲಿಯೇ ಇರುವ ಸ್ವಯಾರ್ಜಿತ ಆಸ್ತಿಯು ಪೋಷಕರ ಆಸ್ತಿಯಾಗುವುದಿಲ್ಲ.

7. ಆರ್ಥಿಕ ಅಗತ್ಯವನ್ನು ಲೆಕ್ಕ ಹಾಕುವ ಕ್ರಮ

ಅರ್ಜಿಯಲ್ಲಿನ ವಿವರಗಳ ಆಧಾರದ ಮೇಲೆ ‘ವಿದ್ಯಾರ್ಥಿ ನೆರವು ಸೂಚ್ಯಂಕ’ ಎಂಬ ಅಂಕಿಯನ್ನು ನಿಗದಿಪಡಿಸಲಾಗುತ್ತದೆ. 2024-25ನೆಯ ಸಾಲಿನಿಂದ ಈ ಪದ್ಧತಿಯು ಜಾರಿಗೆ ಬಂದಿದೆ. ಕಾಲೇಜಿನ ಒಟ್ಟು ವಾರ್ಷಿಕ ವೆಚ್ಚದಿಂದ ಈ ಸೂಚ್ಯಂಕವನ್ನೂ ಇತರ ನೆರವನ್ನೂ ಕಳೆದಾಗ ಉಳಿಯುವುದೇ ಆರ್ಥಿಕ ಅಗತ್ಯ.

ಉದಾಹರಣೆ: ಒಟ್ಟು ವೆಚ್ಚ 30,000 ಡಾಲರ್, ಸೂಚ್ಯಂಕ 8,000, ಇತರ ನೆರವು 15,000 ಡಾಲರ್ ಆಗಿದ್ದಲ್ಲಿ ಉಳಿಯುವ ಅಗತ್ಯ 7,000 ಡಾಲರ್. ಈ ಮಿತಿಯೊಳಗೆ ಕಾಲೇಜು ತನ್ನ ಅನುದಾನವನ್ನು ನೋಡಿಕೊಂಡು, ಉದಾಹರಣೆಗೆ 2,400 ಡಾಲರ್‌ಗಳ ವ್ಯಾಸಂಗ-ಉದ್ಯೋಗವನ್ನು ಮಂಜೂರು ಮಾಡಬಹುದು.

8. ವೇತನ, ಕೆಲಸದ ಅವಧಿ ಮತ್ತು ತೆರಿಗೆ

ಮಂಜೂರಾದ ಮೊತ್ತವು ಗಳಿಕೆಯ ಮಿತಿಯೇ ಹೊರತು ಕೈಗೆ ಬಂದ ಹಣವಲ್ಲ ಎಂಬುದನ್ನು ಪೋಷಕರು ಮುಖ್ಯವಾಗಿ ಗಮನಿಸಬೇಕು. ವಿದ್ಯಾರ್ಥಿವೇತನದ ಹಾಗೆ ಇದನ್ನು ಸತ್ರದ ಆರಂಭದಲ್ಲಿ ಶುಲ್ಕದಿಂದ ಕಳೆಯುವುದಿಲ್ಲ. ನೆರವಿನ ಪತ್ರದ ಒಟ್ಟು ಮೊತ್ತದಲ್ಲಿ ಇದೂ ಸೇರಿರುವುದರಿಂದ, ಶುಲ್ಕವೆಲ್ಲ ತುಂಬಿಹೋಯಿತೆಂದು ಭಾವಿಸಿದ ಕುಟುಂಬಗಳು ಆಗಸ್ಟ್ ತಿಂಗಳಲ್ಲಿ ಶುಲ್ಕದ ಪಟ್ಟಿ ಬಂದಾಗ ತೊಂದರೆಗೆ ಸಿಲುಕುವ ಸಂಭವವಿದೆ. ಮೇಲಿನ ಉದಾಹರಣೆಯಲ್ಲಿ ಕಾಲೇಜಿಗೆ ಕಟ್ಟಬೇಕಾದ ಹಣವನ್ನು ಲೆಕ್ಕ ಹಾಕುವಾಗ 2,400 ಡಾಲರ್‌ಗಳನ್ನು ಬಿಟ್ಟು ಲೆಕ್ಕ ಹಾಕತಕ್ಕದ್ದು. ಈ ಹಣವನ್ನು ಪುಸ್ತಕ, ಬಸ್ ಪ್ರಯಾಣ, ಊಟ ಮುಂತಾದ ತಿಂಗಳ ಖರ್ಚಿಗೆ ಮೀಸಲಿಡುವುದು ಸೂಕ್ತ.

ವೇತನ ದರವು ಕೇಂದ್ರ ಸರ್ಕಾರದ ಕನಿಷ್ಠ ವೇತನಕ್ಕಿಂತ ಕಡಿಮೆಯಿರುವಂತಿಲ್ಲ. ಇದು 2009ರ ಜುಲೈ 24ರಿಂದ ಗಂಟೆಗೆ 7.25 ಡಾಲರ್ ಆಗಿದೆ. ರಾಜ್ಯದ ಅಥವಾ ನಗರದ ಕನಿಷ್ಠ ವೇತನ ಇದಕ್ಕಿಂತ ಹೆಚ್ಚಾಗಿದ್ದಲ್ಲಿ ಆ ದರವೇ ಅನ್ವಯಿಸುತ್ತದೆ. ಪದವಿ ವಿದ್ಯಾರ್ಥಿಗಳಿಗೆ ಗಂಟೆಯ ಲೆಕ್ಕದಲ್ಲಿ ವೇತನ ನೀಡಬೇಕು. ತಿಂಗಳಿಗೆ ಕನಿಷ್ಠ ಒಮ್ಮೆ ವೇತನ ಪಾವತಿಯಾಗಬೇಕು. ವೇತನವು ವಿದ್ಯಾರ್ಥಿಗೇ ಸಲ್ಲುತ್ತದೆ; ಅದನ್ನು ಶುಲ್ಕಕ್ಕೆ ಜಮಾ ಮಾಡಲು ವಿದ್ಯಾರ್ಥಿಯ ಒಪ್ಪಿಗೆ ಅಗತ್ಯ.

ಉದಾಹರಣೆ: ಮಂಜೂರಾದ ಮೊತ್ತ 2,400 ಡಾಲರ್, ವೇತನ ಗಂಟೆಗೆ 12 ಡಾಲರ್ ಆಗಿದ್ದಲ್ಲಿ, ಒಟ್ಟು 200 ಗಂಟೆ ಕೆಲಸ ಮಾಡಬಹುದು. ಇದನ್ನು 25 ವಾರಗಳಿಗೆ ಹಂಚಿದರೆ ವಾರಕ್ಕೆ 8 ಗಂಟೆ. ಕೆಲಸವು ತಡವಾಗಿ ದೊರೆತು 15 ವಾರಗಳು ಮಾತ್ರ ಉಳಿದಿದ್ದರೆ, ವಾರಕ್ಕೆ 8 ಗಂಟೆಯಂತೆ 120 ಗಂಟೆಗಳಾಗಿ 1,440 ಡಾಲರ್ ಮಾತ್ರ ಕೈಸೇರುತ್ತದೆ. ಆದಕಾರಣ ಸತ್ರದ ಮೊದಲ ವಾರದಲ್ಲಿಯೇ ಕೆಲಸ ಹುಡುಕಿಕೊಳ್ಳುವುದು ಲಾಭದಾಯಕ.

ವಾರಕ್ಕೆ ಇಷ್ಟೇ ಗಂಟೆ ಎಂಬ ಮಿತಿಯನ್ನು ಯೋಜನೆಯ ಕಾನೂನು ವಿಧಿಸಿಲ್ಲ. ಕಾಲೇಜುಗಳು ತಮ್ಮದೇ ಮಿತಿಯನ್ನು ಇಟ್ಟುಕೊಂಡಿರುತ್ತವೆ. ತರಗತಿಯ ನಿಗದಿತ ವೇಳೆಯಲ್ಲಿ ಕೆಲಸ ಮಾಡುವಂತಿಲ್ಲ. ಮಾಡಿದ ಗಂಟೆಗಳ ಪಟ್ಟಿಗೆ ಮೇಲ್ವಿಚಾರಕರ ದೃಢೀಕರಣ ಅಗತ್ಯವಾಗಿರುವುದರಿಂದ, ವಿದ್ಯಾರ್ಥಿಗಳು ತಮ್ಮದೇ ಆದ ಪ್ರತಿಯೊಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಈ ವೇತನಕ್ಕೆ ಆದಾಯ ತೆರಿಗೆ ಅನ್ವಯಿಸುತ್ತದೆ. ಆದರೆ ತಾನು ಓದುತ್ತಿರುವ ಕಾಲೇಜಿನಲ್ಲಿಯೇ ಕೆಲಸ ಮಾಡುವ, ಕನಿಷ್ಠ ಅರ್ಧ ಪ್ರಮಾಣದ ವ್ಯಾಸಂಗಕ್ಕೆ ದಾಖಲಾಗಿರುವ ವಿದ್ಯಾರ್ಥಿಯ ವೇತನದಿಂದ ಸಾಮಾನ್ಯವಾಗಿ ಸಾಮಾಜಿಕ ಭದ್ರತೆ ಹಾಗೂ ಮೆಡಿಕೇರ್ ತೆರಿಗೆಯನ್ನು ಕಡಿತ ಮಾಡುವುದಿಲ್ಲ. ಈ ತೆರಿಗೆಯ ದರ ಶೇಕಡ 7.65 ಆಗಿರುವುದರಿಂದ 2,400 ಡಾಲರ್‌ಗಳಿಗೆ ಸುಮಾರು 184 ಡಾಲರ್ ಉಳಿತಾಯವಾಗುತ್ತದೆ. ಇನ್ನೊಂದು ಅನುಕೂಲವೂ ಉಂಟು: ಮುಂದಿನ ವರ್ಷಗಳ ಫಾಫ್ಸಾ ಲೆಕ್ಕದಲ್ಲಿ ಈ ಗಳಿಕೆಯನ್ನು ವಿದ್ಯಾರ್ಥಿಯ ಆದಾಯದಿಂದ ಕಳೆಯಲಾಗುತ್ತದೆ. ಹೊರಗಿನ ಸಾಮಾನ್ಯ ಅರೆಕಾಲಿಕ ಉದ್ಯೋಗದ ಗಳಿಕೆಗೆ ಈ ಸೌಲಭ್ಯವಿಲ್ಲ.

9. ಎಫ್-1 ವಿದ್ಯಾರ್ಥಿಗಳಿಗೆ ಲಭ್ಯವಿರುವ ಅವಕಾಶಗಳು

ಕರ್ನಾಟಕದಿಂದ ತೆರಳುವ ಎಫ್-1 ವಿದ್ಯಾರ್ಥಿಗಳು ಫೆಡರಲ್ ವ್ಯಾಸಂಗ-ಉದ್ಯೋಗಕ್ಕೆ ಅರ್ಹರಲ್ಲದಿದ್ದರೂ, ಅವರಿಗೆ ಈ ಕೆಳಕಂಡ ಅವಕಾಶಗಳಿವೆ:

(ಅ) ಕಾಲೇಜು ಆವರಣದ ಉದ್ಯೋಗ: ಕಾಲೇಜು ತನ್ನ ಸ್ವಂತ ಹಣದಿಂದ ವೇತನ ನೀಡುವ ಕೆಲಸಗಳನ್ನು ಮಾಡಬಹುದು. ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆಗಳ ಮಿತಿಯಿದೆ. ರಜೆಯ ಅವಧಿಯಲ್ಲಿ ಪೂರ್ಣಕಾಲಿಕವಾಗಿ ಕೆಲಸ ಮಾಡಬಹುದು. ಉದ್ಯೋಗ ಪಟ್ಟಿಯಲ್ಲಿ ‘ವರ್ಕ್-ಸ್ಟಡಿ ಮಾತ್ರ’ ಎಂದು ನಮೂದಿಸಿದ ಹುದ್ದೆಗಳಿಗೆ ಅರ್ಜಿ ಹಾಕಬಾರದು.

(ಆ) ಬೋಧನಾ ಹಾಗೂ ಸಂಶೋಧನಾ ಸಹಾಯಕ ಹುದ್ದೆಗಳು: ಸ್ನಾತಕೋತ್ತರ ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳಿಗೆ ವಿಭಾಗಗಳು ನೀಡುವ ಈ ಹುದ್ದೆಗಳಲ್ಲಿ ಮಾಸಿಕ ವೇತನದೊಂದಿಗೆ ಹಲವೆಡೆ ಶುಲ್ಕ ವಿನಾಯಿತಿಯೂ ದೊರೆಯುತ್ತದೆ.

(ಇ) ತೀವ್ರ ಆರ್ಥಿಕ ಸಂಕಷ್ಟದ ಅನುಮತಿ: ಒಂದು ಪೂರ್ಣ ಶೈಕ್ಷಣಿಕ ವರ್ಷ ಮುಗಿಸಿದ ನಂತರ, ತನ್ನ ಕೈಮೀರಿದ ಕಾರಣಗಳಿಂದ ಸಂಕಷ್ಟಕ್ಕೆ ಒಳಗಾದ ವಿದ್ಯಾರ್ಥಿಯು ಹೊರಗೆ ಕೆಲಸ ಮಾಡಲು ಅನುಮತಿ ಕೋರಬಹುದು. ನೆರವು ನಿಂತುಹೋಗುವುದು, ಅನಿರೀಕ್ಷಿತ ವೈದ್ಯಕೀಯ ವೆಚ್ಚ, ತಾಯ್ನಾಡಿನ ಹಣದ ಮೌಲ್ಯದಲ್ಲಿ ಭಾರಿ ಏರುಪೇರು ಇವೆಲ್ಲ ನಿಯಮದಲ್ಲಿ ಹೇಳಲಾದ ಕಾರಣಗಳು. ಕಾಲೇಜಿನ ಅಂತಾರಾಷ್ಟ್ರೀಯ ವಿದ್ಯಾರ್ಥಿ ಅಧಿಕಾರಿಯ ಶಿಫಾರಸು ಪಡೆದು ಐ-765 ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು. ಅನುಮತಿ ಕಾರ್ಡ್ ಕೈಸೇರುವವರೆಗೆ ಕೆಲಸ ಆರಂಭಿಸುವಂತಿಲ್ಲ.

ಪರಿಚಿತರ ಅಂಗಡಿ, ಹೋಟೆಲು, ಪೆಟ್ರೋಲ್ ಬಂಕ್‌ಗಳಲ್ಲಿ ಅನುಮತಿಯಿಲ್ಲದೆ ನಗದು ಕೂಲಿಗೆ ಕೆಲಸ ಮಾಡುವುದು ಎಫ್-1 ಸ್ಥಾನಮಾನದ ಉಲ್ಲಂಘನೆ. ಬೇರೆ ಕಾರಣಗಳಿಂದ ಸ್ಥಾನಮಾನ ಕಳೆದುಕೊಂಡವರಿಗೆ ಅದನ್ನು ಮರಳಿ ಪಡೆಯಲು ಅರ್ಜಿ ಸಲ್ಲಿಸುವ ಅವಕಾಶವಿದ್ದರೂ, ಅನಧಿಕೃತ ಉದ್ಯೋಗ ಮಾಡಿದವರಿಗೆ ನಿಯಮಗಳು ಆ ಅವಕಾಶವನ್ನು ನೀಡುವುದಿಲ್ಲ. ಕೆಲವು ನೂರು ಡಾಲರ್‌ಗಳಿಗಾಗಿ, ಊರಿನಲ್ಲಿ ಜಮೀನು ಒತ್ತೆಯಿಟ್ಟು ತೆಗೆದ ಶಿಕ್ಷಣ ಸಾಲವೂ ಪದವಿಯೂ ಅಪಾಯಕ್ಕೆ ಸಿಲುಕಬಾರದು.

ಅಂತೆಯೇ, ಇನ್ನೂ ದೊರೆಯದ ಅರೆಕಾಲಿಕ ಕೆಲಸದ ಗಳಿಕೆಯನ್ನು ನೆಚ್ಚಿಕೊಂಡು ವೆಚ್ಚದ ಅಥವಾ ಸಾಲ ಮರುಪಾವತಿಯ ಲೆಕ್ಕ ಹಾಕಬಾರದು. ತೆರಿಗೆಯ ವಿಷಯದಲ್ಲಿ, ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೆಯ ವಿಧಿಯನ್ವಯ ಅನಿವಾಸಿ ತೆರಿಗೆದಾರರಾದ ಭಾರತೀಯ ವಿದ್ಯಾರ್ಥಿಗಳು ಪ್ರಮಾಣಿತ ಕಡಿತದ ಲಾಭ ಪಡೆಯಬಹುದು. ಇತರ ಅನೇಕ ದೇಶಗಳ ವಿದ್ಯಾರ್ಥಿಗಳಿಗೆ ಈ ಸೌಲಭ್ಯವಿಲ್ಲ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮೊತ್ತ ಮಂಜೂರಾದರೂ ಕೆಲಸ ಸಿಗದಿದ್ದರೆ?
ಉತ್ತರ: ಕೆಲಸ ಮಾಡದೆ ಹಣ ದೊರೆಯುವುದಿಲ್ಲ. ಅದು ಸಾಲವಾಗಿಯೂ ಉಳಿಯುವುದಿಲ್ಲ. ಹಣಕಾಸು ನೆರವು ಕಚೇರಿಯನ್ನು ಕೂಡಲೇ ಸಂಪರ್ಕಿಸಿ, ಬೇರೆ ಹುದ್ದೆ ಅಥವಾ ಬೇರೆ ನೆರವಿನ ಬಗ್ಗೆ ವಿಚಾರಿಸಬೇಕು.

ಪ್ರಶ್ನೆ: ಗಳಿಸಿದ ಹಣವನ್ನು ಹಿಂದಿರುಗಿಸಬೇಕೆ?
ಉತ್ತರ: ಇಲ್ಲ. ಇದು ದುಡಿಮೆಯ ಫಲವಾದ ವೇತನ. ಮಧ್ಯದಲ್ಲಿ ಕೆಲಸ ಬಿಟ್ಟರೂ ಅಲ್ಲಿಯವರೆಗಿನ ವೇತನವು ವಿದ್ಯಾರ್ಥಿಯದೇ.

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಕೆಲಸ ಮಾಡಬಹುದೆ?
ಉತ್ತರ: ಮುಂದಿನ ಸತ್ರಕ್ಕೆ ದಾಖಲಾಗುವ ಉದ್ದೇಶವಿರುವ ವಿದ್ಯಾರ್ಥಿಗೆ, ಕಾಲೇಜಿನಲ್ಲಿ ಅನುದಾನವಿದ್ದಲ್ಲಿ, ಅವಕಾಶವಿದೆ.

ಪ್ರಶ್ನೆ: ಮೊದಲ ವರ್ಷ ದೊರೆತ ನೆರವು ಮುಂದಿನ ವರ್ಷವೂ ದೊರೆಯುವುದೆ?
ಉತ್ತರ: ಖಚಿತವಿಲ್ಲ. ಪ್ರತಿ ವರ್ಷವೂ ಸಕಾಲದಲ್ಲಿ ಫಾಫ್ಸಾ ಸಲ್ಲಿಸಬೇಕು. ಕುಟುಂಬದ ಆದಾಯ, ವಿದ್ಯಾರ್ಥಿಯ ಪ್ರಗತಿ ಹಾಗೂ ಕಾಲೇಜಿನ ಅನುದಾನವನ್ನು ಅವಲಂಬಿಸಿ ತೀರ್ಮಾನಿಸಲಾಗುತ್ತದೆ.

ಪ್ರಶ್ನೆ: ಅರ್ಜಿ ಸಲ್ಲಿಸಿದ ಮೇಲೆ ತಂದೆಯ ಉದ್ಯೋಗ ಹೋದರೆ?
ಉತ್ತರ: ಎರಡು ವರ್ಷ ಹಿಂದಿನ ಆದಾಯವು ಈಗಿನ ಸ್ಥಿತಿಯನ್ನು ತೋರಿಸದಿದ್ದಲ್ಲಿ, ಉದ್ಯೋಗ ಹೋದುದಕ್ಕೆ ದಾಖಲೆಗಳನ್ನು ಒದಗಿಸಿ ಮರುಪರಿಶೀಲನೆಗೆ ಕಾಲೇಜಿನ ಹಣಕಾಸು ನೆರವು ಕಚೇರಿಗೆ ಲಿಖಿತ ಮನವಿ ಸಲ್ಲಿಸಬಹುದು. ತೀರ್ಮಾನ ಕೈಗೊಳ್ಳುವ ಅಧಿಕಾರ ಆ ಕಚೇರಿಗೆ ಇರುತ್ತದೆ.

11. ಸೂಚನೆ

ಈ ಪುಟದ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಅರ್ಹತೆಯನ್ನು ನಿರ್ಧರಿಸುವ ಅಧಿಕಾರ ಆಯಾ ಶಿಕ್ಷಣ ಸಂಸ್ಥೆಯದಾಗಿದೆ. ನೆರವಿನ ವಿಷಯದಲ್ಲಿ ಕಾಲೇಜಿನ ಹಣಕಾಸು ನೆರವು ಕಚೇರಿಯನ್ನೂ, ವೀಸಾ ಮತ್ತು ಉದ್ಯೋಗಾನುಮತಿಯ ವಿಷಯದಲ್ಲಿ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನೂ ಸಂಪರ್ಕಿಸಿ, ಉತ್ತರವನ್ನು ಲಿಖಿತವಾಗಿ ಪಡೆದುಕೊಂಡು, ಆ ಪ್ರತಿಯನ್ನು ಜೋಪಾನವಾಗಿಟ್ಟುಕೊಳ್ಳಬೇಕಾಗಿ ಅರ್ಜಿದಾರರಲ್ಲಿ ಕೋರಲಾಗಿದೆ.